ಆ ಎರಡು ಅಂಕ ವಾಪಸ್ಸು ಕೊಡಿ

ಕಳೆದ ಸಲ ನಾನು ಈ ಪತ್ರಿಕೆಗೆ ಬರೆದದ್ದು ರಕ್ತದೊತ್ತಡದ ಬಗ್ಗೆ. ಈ ಸಲ ನನ್ನದೇ ರಕ್ತದೊತ್ತಡ ಏರಿಸಿದ ಸಂಗತಿಯೊಂದರ ಬಗ್ಗೆ ಬರೆಯುತ್ತಿದ್ದೇನೆ. ಲೇಖನ ಉದ್ದವಾದರೆ ಸಂಪಾದಕರು ಮನ್ನಿಸಬೇಕು, ಅಕ್ಷರ ಸಣ್ಣದು ಮಾಡಿಯಾದರೂ ಹಾಕಬೇಕು.

ರಾಜ್ಯೋತ್ಸವದ ದಿನ ರೇನರ್ಸ್ ಲೇನಿನ ಹಾಲಿನಲ್ಲಿ ನಡೆದ ಮಕ್ಕಳ ಕ್ವಿಜ್ ನಿಮಗೆ ನೆನಪಿರಬಹುದು. ಹೊರಗೆ ಮಳೆ, ಒಳಗೆ ಬಿಸಿಬೇಳೆ ಬಾತಿನ ಘಮ, ಮೈಕು ಎಂದಿನಂತೆ ಕೈಕೊಟ್ಟಿತ್ತು. ಸಾಮಾನ್ಯ ಜ್ಞಾನದ ಸುತ್ತಿನಲ್ಲಿ ಒಂದು ಪ್ರಶ್ನೆ ಬಂತು: ಅಮೆರಿಕದ ರಾಜ್ಯಗಳಿಗೆ ಅಧಿಕಾರ ಕೊಟ್ಟವರು ಯಾರು? ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕೈಯೆತ್ತಿ, "ಯಾರೂ ಕೊಡಲಿಲ್ಲ ಅಂಕಲ್, ಅವರ ಹತ್ತಿರ ಮೊದಲೇ ಇತ್ತು" ಅಂದಳು. ಸಭೆಯೆಲ್ಲ ನಕ್ಕಿತು. ಕಾರ್ಡಿನಲ್ಲಿ ಬರೆದಿದ್ದ ಉತ್ತರ "ಕೇಂದ್ರ ಸರ್ಕಾರ". ಎರಡು ಅಂಕ ಹೋಯಿತು. ಆ ಎರಡು ಅಂಕದಿಂದಲೇ ಅವಳಿಗೆ ಎರಡನೆಯ ಬಹುಮಾನವೂ ತಪ್ಪಿತು.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆಮೇಲೆ ನಮ್ಮ ಹಿರಿಯ ಸದಸ್ಯರೊಬ್ಬರು (ಹೆಸರು ಬೇಡ, ಎಲ್ಲರಿಗೂ ಗೊತ್ತು, ನನಗೆ ಅಣ್ಣನ ಸಮಾನರು) ಸಮಾರೋಪದ ಮಾತಿನಲ್ಲಿ ಅದನ್ನೇ ಎತ್ತಿಕೊಂಡರು. ಅಮೆರಿಕ ಮುಂದುವರಿದಿದ್ದು ಒಂದು ದೇಶ, ಒಂದು ಕಾನೂನು, ಒಂದು ಮಾತು ಎಂಬುದರಿಂದ. ನಾವು ಇಪ್ಪತ್ತೆಂಟು ಕಡೆ ಎಳೆದಾಡಿಕೊಂಡು ಕೂತಿದ್ದೇವೆ. ರಾಜ್ಯಗಳೆಂದರೆ ಆಡಳಿತದ ಅನುಕೂಲಕ್ಕೆ ಕೇಂದ್ರ ಮಾಡಿಕೊಂಡ ಏರ್ಪಾಡು, ಅದಕ್ಕಿಂತ ಹೆಚ್ಚಿನದೇನೂ ಅಲ್ಲ. ನಾವು ಪರದೇಶದ ಕನ್ನಡಿಗರು ಈ ಸಣ್ಣತನವನ್ನು ಮೀರಬೇಕು ಎಂದರು. ಭಾರೀ ಚಪ್ಪಾಳೆ. ನಾನೂ ತಟ್ಟಿದೆ ಎಂದು ಒಪ್ಪಿಕೊಳ್ಳುತ್ತೇನೆ. ಬಡಿಸುವ ಸೌಟು ಕೆಳಗಿಟ್ಟು ತಟ್ಟಿದೆ. ಮನೆಗೆ ಬಂದ ಮೇಲೆ ನನಗೇ ನಾಚಿಕೆಯಾಯಿತು. ರಾಜ್ಯ ಹುಟ್ಟಿದ ದಿನವನ್ನು ಆಚರಿಸಲು ಕರೆದ ಸಭೆಯಲ್ಲಿ, ರಾಜ್ಯವೆಂದರೆ ಏನೂ ಅಲ್ಲ ಎಂಬ ಮಾತಿಗೆ ನಾವೆಲ್ಲ ಕೈ ತಟ್ಟಿದ್ದೆವು.

ಮೊದಲು ಆ ಹುಡುಗಿಯ ಉತ್ತರ. ಅವಳು ಹೇಳಿದ್ದು ಸರಿ. 1776ರಲ್ಲಿ ಬ್ರಿಟನ್ನಿನಿಂದ ಬಿಡಿಸಿಕೊಂಡದ್ದು ಹದಿಮೂರು ವಸಾಹತುಗಳು. ಪ್ರತಿಯೊಂದಕ್ಕೂ ಅದರದೇ ಶಾಸನಸಭೆ, ಅದರದೇ ನ್ಯಾಯಾಲಯ. 1781ರಲ್ಲಿ ಅವು ಒಂದು ಸಡಿಲ ಒಪ್ಪಂದ ಮಾಡಿಕೊಂಡವು. ಅದರಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳ ಮುಂದೆ ಕೈಚಾಚಬೇಕಿತ್ತು. ಅದು ನಡೆಯಲಿಲ್ಲ. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ 55 ಜನ ಪ್ರತಿನಿಧಿಗಳು ಬಾಗಿಲು ಕಿಟಕಿ ಮುಚ್ಚಿಕೊಂಡು ಕೂತು ಹೊಸ ಸಂವಿಧಾನ ಬರೆದರು. ಅದು ಜಾರಿಗೆ ಬರಲು ಒಂಬತ್ತು ರಾಜ್ಯಗಳ ಒಪ್ಪಿಗೆ ಬೇಕಿತ್ತು. 1788ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಗಿ ಒಪ್ಪಿತು. ರೋಡ್ ಐಲೆಂಡ್ ಎಂಬ ಅಂಗೈಯಗಲದ ರಾಜ್ಯ ಫಿಲಡೆಲ್ಫಿಯಾಕ್ಕೆ ಪ್ರತಿನಿಧಿಯನ್ನೇ ಕಳಿಸಿರಲಿಲ್ಲ. ಅದು ಒಳಗೆ ಬಂದದ್ದು 1790ರಲ್ಲಿ. ಒಪ್ಪುವವರು ಮೊದಲೇ ಇದ್ದರು, ಕೇಂದ್ರ ಆಮೇಲೆ ಬಂತು. 1791ರ ಹತ್ತನೆಯ ತಿದ್ದುಪಡಿ ಇದನ್ನೇ ಅಕ್ಷರಕ್ಕಿಳಿಸಿತು: ಸಂವಿಧಾನ ಕೇಂದ್ರಕ್ಕೆ ವಹಿಸದ ಮತ್ತು ರಾಜ್ಯಗಳಿಗೆ ನಿಷೇಧಿಸದ ಅಧಿಕಾರಗಳು ರಾಜ್ಯಗಳಲ್ಲಿ ಅಥವಾ ಜನರಲ್ಲಿ ಉಳಿಯುತ್ತವೆ.

ನಮ್ಮ ಅಣ್ಣನವರು ಬುದ್ಧಿವಂತರು, ತಕ್ಷಣ ಕೇಳುತ್ತಾರೆ: "ಡಾಕ್ಟ್ರೇ, ಹದಿಮೂರು ಆಯಿತಮ್ಮಾ, ಉಳಿದ ಮೂವತ್ತೇಳು? ಅವನ್ನು ಸೇರಿಸಿಕೊಂಡದ್ದು ಕಾಂಗ್ರೆಸ್ಸೇ ಅಲ್ಲವೇ?" ಹೌದು. ಅದಕ್ಕೇ ಓಕ್ಲಹೋಮದ ಕಥೆ ಹೇಳಬೇಕು. 1907ರಲ್ಲಿ ಅದನ್ನು ರಾಜ್ಯವಾಗಿ ಸೇರಿಸಿಕೊಳ್ಳುವಾಗ ವಾಷಿಂಗ್ಟನ್ ಒಂದು ಷರತ್ತು ಹಾಕಿತು: 1913ರವರೆಗೆ ರಾಜಧಾನಿ ಗಥ್ರೀ ಊರಿನಲ್ಲೇ ಇರತಕ್ಕದ್ದು. ಓಕ್ಲಹೋಮದವರು ಹೂಂ ಎಂದು ಒಳಗೆ ಬಂದು, 1910ರಲ್ಲೇ ರಾಜಧಾನಿಯನ್ನು ಓಕ್ಲಹೋಮ ಸಿಟಿಗೆ ಎತ್ತಿಕೊಂಡು ಹೋದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಒಮ್ಮೆ ಒಳಗೆ ಬಂದ ಮೇಲೆ ಹಳೆಯ ರಾಜ್ಯಕ್ಕೂ ಹೊಸ ರಾಜ್ಯಕ್ಕೂ ಭೇದವಿಲ್ಲ, ರಾಜಧಾನಿ ಎಲ್ಲಿರಬೇಕೆಂದು ನಿರ್ಧರಿಸುವುದು ರಾಜ್ಯದ ಕೆಲಸ, ಕಾಂಗ್ರೆಸ್ಸಿನದಲ್ಲ ಎಂದು 1911ರಲ್ಲಿ ಕೋರ್ಟು ಹೇಳಿತು. ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಹಾಕಿದ ಷರತ್ತು, ತುಂಬಿಸಿಕೊಂಡ ಮೇಲೆ ನಡೆಯುವುದಿಲ್ಲ.

"ಒಂದು ಕಾನೂನು" ಎಂಬುದಂತೂ ಶುದ್ಧ ತಪ್ಪು. ನಾನು ಅಮೆರಿಕದಲ್ಲಿ ರೆಸಿಡೆನ್ಸಿ ಮಾಡಿದ್ದು ಓಹಾಯೋ ರಾಜ್ಯದಲ್ಲಿ. ಅಲ್ಲಿ ಮರಣದಂಡನೆ ಕಾನೂನಿನಲ್ಲಿದೆ. ಪಕ್ಕದ ಮಿಷಿಗನ್ ಕೊಲೆಗೆ ಮರಣದಂಡನೆಯನ್ನು 1846ರಲ್ಲೇ ತೆಗೆದುಹಾಕಿತು. ಮದುವೆ, ಆಸ್ತಿ, ಶಾಲೆ, ಪೊಲೀಸು, ಬಹುಪಾಲು ಅಪರಾಧಗಳು, ಎಲ್ಲ ರಾಜ್ಯದ ಕೈಯಲ್ಲಿ. ವೈದ್ಯರ ಲೈಸೆನ್ಸೂ ಹಾಗೆಯೇ, ಮತ್ತು ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. 1997ರಲ್ಲಿ ರೆಸಿಡೆನ್ಸಿ ಮುಗಿಸಿ ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಕೆಲಸಕ್ಕೆ ಸೇರುವಾಗ, ಓಹಾಯೋದಲ್ಲಿ ಮೂರು ವರ್ಷ ರೋಗಿಗಳನ್ನು ನೋಡಿದ್ದ ನಾನು ಮತ್ತೆ ಮೊದಲಿನಿಂದ ಅರ್ಜಿ ತುಂಬಬೇಕಾಯಿತು. ಪಾಪ, ನಮ್ಮಪ್ಪ ಇನ್ನೊಮ್ಮೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸು ಹತ್ತಿ ಹೋಗಿ, ಅದೇ ಪ್ರಮಾಣಪತ್ರಕ್ಕೆ ಇನ್ನೊಂದು ಮೊಹರು ಹಾಕಿಸಿ ಕಳಿಸಿದರು. ನಾನು ಫೋನಿನಲ್ಲಿ ಗುಮಾಸ್ತೆಯನ್ನು ಕೇಳಿದೆ, ವಾಷಿಂಗ್ಟನ್ನಿನಲ್ಲಿ ಇಡೀ ದೇಶಕ್ಕೆ ಒಂದೇ ಲೈಸೆನ್ಸ್ ಕೊಡುವ ಕಚೇರಿ ಇಲ್ಲವೇ ಎಂದು. ಆಕೆ ನಕ್ಕಳು. ವಾಷಿಂಗ್ಟನ್ನಿಗೂ ಇದಕ್ಕೂ ಏನು ಸಂಬಂಧ ಡಾಕ್ಟರ್, ಎಂದಳು.

ಆಗ ಸಿಟ್ಟು ಬಂದಿತ್ತು. ಆಮೇಲೆ ತಿಳಿಯಿತು, ವೈದ್ಯರಿಗೆ ಲೈಸೆನ್ಸ್ ಕೊಡುವ ಅಧಿಕಾರ ರಾಜ್ಯದ್ದು ಎಂದು 1889ರಷ್ಟು ಹಿಂದೆಯೇ, ವೆಸ್ಟ್ ವರ್ಜೀನಿಯಾದ ಒಬ್ಬ ವೈದ್ಯನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿತ್ತು. ಈಗ ಈ ತೊಡಕು ಕಡಿಮೆಯಾಗಿದೆ. ಹೇಗೆ? ವಾಷಿಂಗ್ಟನ್ ಆಜ್ಞೆ ಮಾಡಿದ್ದರಿಂದಲ್ಲ. ರಾಜ್ಯಗಳೇ ತಮ್ಮತಮ್ಮಲ್ಲಿ ಕರಾರು ಮಾಡಿಕೊಂಡು 2017ರಿಂದ ಪರಸ್ಪರ ಲೈಸೆನ್ಸಿನ ದಾರಿ ಸುಲಭ ಮಾಡಿಕೊಂಡಿವೆ; ನಲವತ್ತರಷ್ಟು ರಾಜ್ಯಗಳು ಅದಕ್ಕೆ ಸೇರಿದವು. ಇಲ್ಲಿ ಇಂಗ್ಲೆಂಡಿಗೆ ಬಂದಾಗ ಇಡೀ ದೇಶಕ್ಕೆ ಒಂದೇ ಪಟ್ಟಿ, 1858ರ ಕಾಯಿದೆಯಿಂದ ನಡೆದುಬಂದದ್ದು. ಒಂದೇ ಅರ್ಜಿ. ಬಹಳ ಅನುಕೂಲ, ಇಲ್ಲವೆನ್ನುವುದಿಲ್ಲ.

ಆದರೆ ಈ ಅನುಕೂಲದ ಇನ್ನೊಂದು ಮಗ್ಗುಲು ನಮ್ಮ ಸಂಘದ ಲೆಟರ್‌ಹೆಡ್ಡಿನ ಮೇಲೇ ಅಚ್ಚಾಗಿದೆ. ವಿಳಾಸದ ಕೊನೆಯ ಸಾಲು ನೋಡಿ: ಮಿಡ್ಲ್‌ಸೆಕ್ಸ್. ಎಲ್ಲಿದೆ ಈ ಮಿಡ್ಲ್‌ಸೆಕ್ಸ್? 1889ರಿಂದ ಅದಕ್ಕೊಂದು ಚುನಾಯಿತ ಕೌಂಟಿ ಕೌನ್ಸಿಲ್ ಇತ್ತು. ಪಾರ್ಲಿಮೆಂಟು 1963ರಲ್ಲಿ ಒಂದು ಕಾಯಿದೆ ಮಾಡಿತು, 1965ರ ಏಪ್ರಿಲ್ 1ರಂದು ಆ ಆಡಳಿತ ಇಲ್ಲವಾಯಿತು. ನಾವು ಮೂರ್ಖರ ದಿನದಂದು ಸತ್ತ ಕೌಂಟಿಗೆ ಇನ್ನೂ ಕಾಗದ ಬರೆಯುತ್ತಿದ್ದೇವೆ. ಅದರ ಜಾಗದಲ್ಲಿ ಬಂದ ಗ್ರೇಟರ್ ಲಂಡನ್ ಕೌನ್ಸಿಲ್ಲಿನ ಗತಿಯೇನಾಯಿತು ಎಂಬುದನ್ನು ನಮ್ಮ ಹಿರಿಯ ಸದಸ್ಯರು ಕಣ್ಣಾರೆ ಕಂಡಿದ್ದಾರೆ. ಕೆನ್ ಲಿವಿಂಗ್‌ಸ್ಟನ್ ಅವರಿಗೂ ಥ್ಯಾಚರ್ ಅವರಿಗೂ ಆಗಲಿಲ್ಲ. 1986ರ ಮಾರ್ಚ್ 31ರಂದು ಕೌನ್ಸಿಲ್ಲೇ ರದ್ದು. ಹದಿನಾಲ್ಕು ವರ್ಷ ಲಂಡನ್ನಿನಂಥ ಮಹಾನಗರಕ್ಕೆ ತನ್ನದೆನ್ನುವ ಚುನಾಯಿತ ಆಡಳಿತ ಇರಲಿಲ್ಲ. ಥೇಮ್ಸ್ ದಂಡೆಯ ಕೌಂಟಿ ಹಾಲ್‌ನಲ್ಲಿ ಈಗ ಹೋಟೆಲಿದೆ, ಮೀನಿನ ಪ್ರದರ್ಶನವಿದೆ. ಊರಿಂದ ಬಂದ ನೆಂಟರನ್ನು ನಾವೇ ಟಿಕೆಟ್ ಕೊಂಡು ಕರೆದೊಯ್ಯುತ್ತೇವೆ. 2000ದಲ್ಲಿ ಮೇಯರು, ಅಸೆಂಬ್ಲಿ ಬಂದವು, ಸಂತೋಷ. ಆದರೆ ಅದನ್ನೂ ಕೊಟ್ಟದ್ದು ಪಾರ್ಲಿಮೆಂಟಿನ ಒಂದು ಕಾಯಿದೆ. 1999ರಲ್ಲಿ ಆರಂಭವಾದ ಸ್ಕಾಟ್ಲೆಂಡಿನ ಪಾರ್ಲಿಮೆಂಟನ್ನೂ ಹಾಗೆಯೇ ಕೊಟ್ಟರು. ಕೊಡುವಾಗಲೇ, ಸ್ಕಾಟ್ಲೆಂಡಿಗೆ ಕಾನೂನು ಮಾಡುವ ವೆಸ್ಟ್‌ಮಿನ್‌ಸ್ಟರಿನ ಅಧಿಕಾರಕ್ಕೆ ಇದರಿಂದ ಧಕ್ಕೆಯಿಲ್ಲ ಎಂದೂ ಬರೆದುಕೊಂಡರು.

ಅಂದರೆ, ಆ ಕ್ವಿಜ್ ಕಾರ್ಡಿನ ಉತ್ತರ ಇಂಗ್ಲೆಂಡಿಗೆ ಸರಿ, ಅಮೆರಿಕಕ್ಕೆ ತಪ್ಪು. ಈ ದೇಶದಲ್ಲಿ ಕೆಳಗಿನ ಸರ್ಕಾರ ಬಾಡಿಗೆದಾರ. ಅಮೆರಿಕದಲ್ಲಿ ರಾಜ್ಯ ಪಾಲುದಾರ. ಗವರ್ನರನ್ನು ಅಧ್ಯಕ್ಷ ಕೆಲಸದಿಂದ ತೆಗೆಯಲಾರ. ಒಂದು ರಾಜ್ಯದ ನೆಲದಿಂದ ಇನ್ನೊಂದು ರಾಜ್ಯ ಮಾಡಬೇಕಾದರೆ ಆ ರಾಜ್ಯದ ಶಾಸನಸಭೆ ಒಪ್ಪಬೇಕು. ಸಂವಿಧಾನ ತಿದ್ದಬೇಕಾದರೆ 50ರಲ್ಲಿ 38 ರಾಜ್ಯಗಳು ಹೂಂ ಅನ್ನಬೇಕು. ಪುಟ್ಟ ವೈಯೋಮಿಂಗಿಗೂ ದೊಡ್ಡ ಕ್ಯಾಲಿಫೋರ್ನಿಯಾಕ್ಕೂ ಸೆನೆಟ್ಟಿನಲ್ಲಿ ಎರಡೆರಡೇ ಸ್ಥಾನ, ಮತ್ತು ಆ ಸಮಾನತೆಯನ್ನು ಆಯಾ ರಾಜ್ಯದ ಒಪ್ಪಿಗೆಯಿಲ್ಲದೆ ಕಸಿಯಲಾಗದು ಎಂದು ಸಂವಿಧಾನದಲ್ಲೇ ಮೊಳೆ ಹೊಡೆದಿದ್ದಾರೆ.

ಇನ್ನು ನಮ್ಮ ಭಾರತ ಇವೆರಡರಲ್ಲಿ ಯಾವುದು? ಇದಕ್ಕೆ ನನ್ನ ಉತ್ತರ ಶುರುವಾಗುವುದು ಹುಬ್ಬಳ್ಳಿಯಿಂದ.

1989ರ ಏಪ್ರಿಲ್. ನಾನು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಎರಡನೆಯ ವರ್ಷದಲ್ಲಿದ್ದೆ. ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದವರು. ಮೆಸ್ಸಿನಲ್ಲಿ ರೊಟ್ಟಿ ತಟ್ಟುತ್ತಿದ್ದ ಅಕ್ಕ ನಮಗೆ ಸುದ್ದಿ ಮುಟ್ಟಿಸಿದಳು: "ನಮ್ಮೂರ ಮುಖ್ಯಮಂತ್ರಿನ್ನ ತಗದ್ರಂತ್ರೀ, ರೇಡಿಯೋದಾಗ ಹೇಳಿದ್ರು." ತೆಗೆದವರು ಯಾರು, ಚುನಾವಣೆ ಯಾವಾಗ ಆಯಿತು, ಎಂದು ಕೇಳುವಷ್ಟೂ ನಮಗೆ ಆಗ ಬುದ್ಧಿ ಇರಲಿಲ್ಲ. ನಡೆದದ್ದು ಇಷ್ಟು. ಶಾಸಕರೊಬ್ಬರು ಪಕ್ಷಾಂತರ ಮಾಡಿ, ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳನ್ನು ರಾಜ್ಯಪಾಲ ವೆಂಕಟಸುಬ್ಬಯ್ಯನವರಿಗೆ ಕೊಟ್ಟರು. ಆಮೇಲೆ ಅವರಲ್ಲೇ ಏಳು ಜನ, ನಮ್ಮ ಸಹಿಯನ್ನು ತಪ್ಪು ತಿಳಿವಳಿಕೆಯಿಂದ ಪಡೆದರು, ನಾವು ಸರ್ಕಾರದ ಜೊತೆಗಿದ್ದೇವೆ ಎಂದರು. ಬೊಮ್ಮಾಯಿಯವರು ಕೇಳಿದ್ದು ಒಂದೇ: ವಿಧಾನಸಭೆ ಕರೆಯಿರಿ, ಅಲ್ಲಿ ತಲೆ ಎಣಿಸಿ. ಸಭೆಯ ದಿನವೂ ಗೊತ್ತಾಗಿತ್ತು, ಏಪ್ರಿಲ್ 27. ಅಷ್ಟು ದಿನ ಕಾಯುವ ವ್ಯವಧಾನ ದೆಹಲಿಗೆ ಇರಲಿಲ್ಲ. 21ನೇ ತಾರೀಖು 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಬಂತು, ಸರ್ಕಾರ ಹೋಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು. ವೈದ್ಯೆಯಾಗಿ ಹೇಳುವುದಾದರೆ, ರೋಗಿಯ ನಾಡಿ ನೋಡುವ ಮೊದಲೇ ಮರಣ ಪ್ರಮಾಣಪತ್ರಕ್ಕೆ ಸಹಿ ಬಿತ್ತು.

ಬೊಮ್ಮಾಯಿಯವರು ಬಿಡಲಿಲ್ಲ. ಕರ್ನಾಟಕ ಹೈಕೋರ್ಟಿನಲ್ಲಿ ಸೋತರು, ಸುಪ್ರೀಂ ಕೋರ್ಟಿಗೆ ಹೋದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಎಂಬುದನ್ನು ನೋಡಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. ರಾಷ್ಟ್ರಪತಿಯವರ ಘೋಷಣೆಯನ್ನೂ ನ್ಯಾಯಾಲಯ ಪರಿಶೀಲಿಸಬಹುದು. ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲ ಎಂಬ ಅರ್ಥದ ಮಾತು ಅದರಲ್ಲಿ ಬಂತು. ಇವತ್ತು ಭಾರತದ ಯಾವ ರಾಜ್ಯದಲ್ಲೇ ಸರ್ಕಾರ ಅಲುಗಾಡಲಿ, ವಕೀಲರು ಮೊದಲು ಉಚ್ಚರಿಸುವ ಹೆಸರು ನಮ್ಮ ಹುಬ್ಬಳ್ಳಿಯವರದು. ಆದರೆ ತೀರ್ಪು ಬಂದಾಗ ಐದು ವರ್ಷ ಕಳೆದು, ಮಧ್ಯೆ ಚುನಾವಣೆ ನಡೆದು, ಬೆಂಗಳೂರಿನಲ್ಲಿ ವೀರಪ್ಪ ಮೊಯ್ಲಿಯವರು ಮುಖ್ಯಮಂತ್ರಿಯಾಗಿದ್ದರು. ಕೇಸು ಗೆದ್ದ ಬೊಮ್ಮಾಯಿಯವರಿಗೆ ಕುರ್ಚಿ ಬರಲಿಲ್ಲ.

ಇದನ್ನು ಒಂದು ಪಕ್ಷದ ಮೇಲಿನ ದೂರು ಎಂದು ಯಾರೂ ತಿಳಿಯಬೇಡಿ. 1977ರಲ್ಲಿ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಕಿತ್ತುಹಾಕಿತು. 1980ರಲ್ಲಿ ಇಂದಿರಾ ಗಾಂಧಿಯವರು ಬಡ್ಡಿಯ ಸಮೇತ ಒಂಬತ್ತನ್ನೇ ತಿರುಗಿ ಕಿತ್ತರು. ಬೊಮ್ಮಾಯಿ ತೀರ್ಪಿನ ಹೊತ್ತಿಗೆ ಈ ವಿಧಿಯನ್ನು ತೊಂಬತ್ತು ಸಲಕ್ಕೂ ಹೆಚ್ಚು ಬಳಸಲಾಗಿತ್ತು. ಇವರ ಕೈಗೆ ಬಂದರೂ ಅದೇ ಚಾಕು, ಅವರ ಕೈಗೆ ಬಂದರೂ ಅದೇ ಚಾಕು.

ಈಗ ನನಗೆ ಅಡ್ಡ ಬರುವ ವಿಷಯಕ್ಕೆ ಬರುತ್ತೇನೆ. ಅಣ್ಣನವರು ಊಟದ ಹೊತ್ತಿಗೆ ನನ್ನ ಪಕ್ಕ ಕೂತು ಹೇಳಿದ್ದು ಇದನ್ನೇ: "ಏನಮ್ಮಾ, ಕೇಂದ್ರ ಇಲ್ಲದಿದ್ದರೆ ನಿನ್ನ ಕರ್ನಾಟಕವೇ ಇರುತ್ತಿರಲಿಲ್ಲವಲ್ಲ!" ಮಾತಿನಲ್ಲಿ ಸತ್ಯವಿದೆ. ನಮ್ಮ ಸಂವಿಧಾನದ 3ನೇ ವಿಧಿಯ ಪ್ರಕಾರ ಯಾವ ರಾಜ್ಯದ ಗಡಿಯನ್ನಾದರೂ, ಹೆಸರನ್ನಾದರೂ, ಕೊನೆಗೆ ಅಸ್ತಿತ್ವವನ್ನಾದರೂ ಪಾರ್ಲಿಮೆಂಟು ಸಾಧಾರಣ ಬಹುಮತದಿಂದ ಬದಲಿಸಬಹುದು. ಆ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು, ಅದರಂತೆ ನಡೆಯಬೇಕೆಂದಿಲ್ಲ. 1956ರ ನವೆಂಬರ್ 1ರಂದು ಬೊಂಬಾಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಕೊಡಗು, ಹಳೆಯ ಮೈಸೂರು ಒಂದಾದದ್ದು ಆ ವಿಧಿಯ ಬಲದಿಂದಲೇ. ಅಮೆರಿಕದ ಹಾಗೆ ಪ್ರತಿ ರಾಜ್ಯದ ಒಪ್ಪಿಗೆ ಬೇಕಾಗಿದ್ದರೆ ಬೊಂಬಾಯಿಯವರು ಬೆಳಗಾವಿ, ಧಾರವಾಡ, ಬಿಜಾಪುರಗಳನ್ನು ಸುಮ್ಮನೆ ಬಿಟ್ಟುಕೊಡುತ್ತಿದ್ದರೇ? ಹಳೆಯ ಮೈಸೂರಿನಲ್ಲೇ ಏಕೀಕರಣ ಬೇಡವೆನ್ನುತ್ತಿದ್ದವರು ಎಷ್ಟು ಜನ ಇದ್ದರು ಎಂಬುದನ್ನು ನಮ್ಮ ಹಿರಿಯರನ್ನೇ ಕೇಳಿ. ನಾನು ಧಾರವಾಡ ಸೀಮೆಯವಳು. ಆ ವಿಧಿ ಇಲ್ಲದಿದ್ದರೆ ನಾನು ರಾಜ್ಯೋತ್ಸವದಲ್ಲಿ ಬಿಸಿಬೇಳೆ ಬಾತು ಬಡಿಸುವ ಬದಲು ಇನ್ನಾವುದೋ ಹಾಲಿನಲ್ಲಿ ಪೂರಣಪೋಳಿ ಬಡಿಸುತ್ತಿದ್ದೆನೋ ಏನೋ.

ಒಪ್ಪಿದೆ. ಆದರೆ ಅದೇ ದಿನ, ಅದೇ ವಿಧಿ, ಕಾಸರಗೋಡನ್ನು ಕೇರಳಕ್ಕೆ ಹಾಕಿತು. ಅಲ್ಲಿನ ಕನ್ನಡಿಗರ ಒಪ್ಪಿಗೆ ಯಾರಿಗೂ ಬೇಕಾಗಲಿಲ್ಲ. 1966ರಲ್ಲಿ ನೇಮಕವಾದ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ವರದಿ ಕೊಟ್ಟಿತು. ವರದಿ ಕಪಾಟು ಸೇರಿತು. ಕೊಡಗನ್ನು ನೋಡಿ: 1956ರವರೆಗೆ ಅದು ತನ್ನದೇ ಶಾಸನಸಭೆ, ತನ್ನದೇ ಮುಖ್ಯಮಂತ್ರಿ ಇದ್ದ ಪುಟ್ಟ ರಾಜ್ಯ, ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿ. ಬೆಳಗಾಗುವಷ್ಟರಲ್ಲಿ ಜಿಲ್ಲೆ. 2019ರ ಆಗಸ್ಟಿನ ಕಾಯಿದೆಯಿಂದ ಜಮ್ಮು ಕಾಶ್ಮೀರ ಎಂಬ ರಾಜ್ಯ ಎರಡು ಕೇಂದ್ರಾಡಳಿತ ಪ್ರದೇಶವಾಯಿತು. ಆಗ ಅಲ್ಲಿ ಶಾಸನಸಭೆಯೇ ಇರಲಿಲ್ಲ, ಅಭಿಪ್ರಾಯ ಹೇಳುವ ಜಾಗದಲ್ಲಿ ಪಾರ್ಲಿಮೆಂಟೇ ಕೂತಿತ್ತು. ಆ ಕ್ರಮ ಬೇಕಿತ್ತೋ ಬೇಡವೋ ಎಂದು ನಾನು ಇಲ್ಲಿ ಜಗಳಕ್ಕೆ ನಿಲ್ಲುವುದಿಲ್ಲ (ನಮ್ಮ ಮನೆಯಲ್ಲೇ ಒಮ್ಮತವಿಲ್ಲ). ಒಂದು ರಾಜ್ಯಕ್ಕೆ ಮಾಡಬಹುದಾದದ್ದನ್ನು ಯಾವ ರಾಜ್ಯಕ್ಕಾದರೂ ಮಾಡಬಹುದು, ಕರ್ನಾಟಕಕ್ಕೂ, ಎಂಬುದಷ್ಟೇ ನನ್ನ ಮಾತು. 1956ರಲ್ಲಿ ನಮಗೆ ಕೊಟ್ಟ ಕೈ ಇನ್ನೂ ಚಾಚಿಯೇ ಇದೆ, ಮತ್ತು ಅದು ಕೊಡುವುದಕ್ಕಷ್ಟೇ ಚಾಚಿದ ಕೈಯಲ್ಲ.

ನನ್ನ ವೃತ್ತಿಗೆ ಸಂಬಂಧಿಸಿದ ಎರಡು ಮಾತು. ಆರೋಗ್ಯ ಸಂವಿಧಾನದ ರಾಜ್ಯ ಪಟ್ಟಿಯಲ್ಲಿರುವ ವಿಷಯ. ಆದರೆ 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಟಿವಿಯಲ್ಲಿ ಹೇಳಿ, ಹನ್ನೆರಡಕ್ಕೆ ಇಡೀ ದೇಶಕ್ಕೆ ಬೀಗ ಬಿತ್ತು. ಯಾದಗಿರಿಯ ಹಳ್ಳಿಗೂ ಮುಂಬಯಿಯ ಧಾರಾವಿಗೂ ಒಂದೇ ಔಷಧಿ, ಒಂದೇ ಪ್ರಮಾಣ. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಬಂದಿದ್ದವರು ಗಂಟುಮೂಟೆ ಹೊತ್ತು ನಡೆಯುತ್ತ ಹೊರಟದ್ದನ್ನು ನಾವೆಲ್ಲ ಇಲ್ಲಿಂದ ನೋಡಿದೆವು. ಅಮೆರಿಕದಲ್ಲಿ ಆ ನಿರ್ಧಾರ ಗವರ್ನರುಗಳದ್ದಾಗಿತ್ತು. ಅದರಿಂದ ಅಲ್ಲಿ ಎಲ್ಲ ಸರಿಹೋಯಿತೆಂದಲ್ಲ; ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆದರೆ ತಪ್ಪು ಮಾಡಿದ ಗವರ್ನರನ್ನು ಆ ರಾಜ್ಯದ ಜನವೇ ಹಿಡಿದು ಕೇಳಬಹುದಿತ್ತು.

ಎರಡನೆಯದು, ವೈದ್ಯಕೀಯ ಸೀಟು. ಶಿಕ್ಷಣ ಮೊದಲು ರಾಜ್ಯ ಪಟ್ಟಿಯಲ್ಲಿತ್ತು. ತುರ್ತು ಪರಿಸ್ಥಿತಿಯಲ್ಲಿ, 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಸರಿಸಿತು. ಎಷ್ಟೋ ವಿರೋಧ ಪಕ್ಷದ ನಾಯಕರು ಆಗ ಜೈಲಿನಲ್ಲಿದ್ದರು. ನಲವತ್ತು ವರ್ಷದ ನಂತರ ಅದರ ಫಲ ನೀಟ್. ಕರ್ನಾಟಕ ಸರ್ಕಾರ ತನ್ನ ದುಡ್ಡಿನಲ್ಲಿ ಕಟ್ಟಿದ ಕಾಲೇಜಿಗೂ ಪರೀಕ್ಷೆ ದೆಹಲಿಯದು. ಮೊದಲ ವರ್ಷ ಕನ್ನಡದಲ್ಲಿ ಬರೆಯುವ ಅವಕಾಶವೂ ಇರಲಿಲ್ಲ, ಅದು ಬಂದದ್ದು 2017ರಲ್ಲಿ. 2024ರ ಜುಲೈಯಲ್ಲಿ ಕರ್ನಾಟಕ ವಿಧಾನಸಭೆ ನೀಟ್ ಬೇಡವೆಂದು ನಿರ್ಣಯ ಮಾಡಿತು. ನಿರ್ಣಯ ಮಾಡುವುದಷ್ಟೇ ಅದರ ಕೈಯಲ್ಲಿತ್ತು. ನೀಟ್ ಒಳ್ಳೆಯ ಪರೀಕ್ಷೆ ಇರಬಹುದು, ಕ್ಯಾಪಿಟೇಷನ್ ಹಾವಳಿಗೆ ಮದ್ದೂ ಇರಬಹುದು. ನಾನು ಕೇಳುವುದು, ನಮ್ಮ ಕಾಲೇಜಿಗೆ ಯಾವ ಮದ್ದು ಎಂದು ತೀರ್ಮಾನಿಸುವವರು ಯಾರು?

ಪ್ರಾತಿನಿಧ್ಯದಲ್ಲೂ ಇದೇ ಕಥೆ. ಕರ್ನಾಟಕ ಕುಟುಂಬ ಯೋಜನೆಯನ್ನು ಮನಸ್ಸಿಟ್ಟು ಮಾಡಿತು. ನಮ್ಮ ನರ್ಸಮ್ಮಂದಿರು ಮನೆಮನೆ ಅಲೆದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ತಾಯಿಗೆ ಸರಾಸರಿ ಮಕ್ಕಳು ಕರ್ನಾಟಕದಲ್ಲಿ 1.7, ಬಿಹಾರದಲ್ಲಿ 3.0. ಲೋಕಸಭೆಯ 543 ಸ್ಥಾನಗಳಲ್ಲಿ ಕರ್ನಾಟಕಕ್ಕೆ 28 ಎಂದು ನಿಂತದ್ದು 1971ರ ಜನಗಣತಿಯ ಲೆಕ್ಕವನ್ನು ಹಿಡಿದಿಟ್ಟದ್ದರಿಂದ. 2001ರ 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಎಳೆಯಿತು. ಬರೀ ತಲೆ ಎಣಿಸಿದರೆ ನಮ್ಮ ಪಾಲು ಕುಗ್ಗುತ್ತದೆ. ಅಮೆರಿಕದಲ್ಲೂ ಪ್ರತಿನಿಧಿ ಸಭೆಯಲ್ಲಿ ತಲೆಯನ್ನೇ ಎಣಿಸುತ್ತಾರೆ, ಆದರೆ ಪಕ್ಕದಲ್ಲಿ ಸೆನೆಟ್ ಇದೆ. ನಮ್ಮ ರಾಜ್ಯಸಭೆ ಹೆಸರಿಗೆ ಮಾತ್ರ ರಾಜ್ಯಗಳ ಸಭೆ: ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12. 2003ರಿಂದ ಆ ರಾಜ್ಯದ ಮತದಾರರಾಗಿರಬೇಕೆಂಬ ನಿಯಮವೂ ಹೋಯಿತು. ಹಣದ ವಿಷಯ ಒಂದೇ ಸಾಲು: ಕೇಂದ್ರ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇಕಡಾ 4.713 ಇದ್ದದ್ದು 15ನೆಯದರಲ್ಲಿ 3.647ಕ್ಕೆ ಇಳಿಯಿತು.

ಅಮೆರಿಕವನ್ನು ನಾನು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ರಾಜ್ಯದ ಹಕ್ಕು ಎಂಬ ಮಾತಿನ ಹಿಂದೆ ಅಲ್ಲಿ ಗುಲಾಮಗಿರಿ ಅಡಗಿ ಕೂತಿತ್ತು. ಅದನ್ನು ಕಿತ್ತುಹಾಕಲು 1861ರಿಂದ 1865ರವರೆಗೆ ಯುದ್ಧ ಬೇಕಾಯಿತು; ಯುದ್ಧದ ನಂತರ ದಕ್ಷಿಣದ ರಾಜ್ಯಗಳನ್ನು ವರ್ಷಗಟ್ಟಲೆ ಸೈನ್ಯದ ಅಧೀನದಲ್ಲಿಟ್ಟದ್ದೂ ಉಂಟು. 1957ರಲ್ಲಿ ಲಿಟ್ಲ್ ರಾಕ್ ಊರಿನಲ್ಲಿ ಒಂಬತ್ತು ಕಪ್ಪು ಮಕ್ಕಳು ಶಾಲೆಗೆ ಹೋಗಲು ಗವರ್ನರ್ ಅಡ್ಡ ನಿಂತಾಗ ಐಸೆನ್‌ಹೋವರ್ ಸೈನ್ಯ ಕಳಿಸಬೇಕಾಯಿತು. ಆ ಸೈನ್ಯ ಹೋಗಿದ್ದು ಸರಿ, ಹೋಗದಿದ್ದರೆ ತಪ್ಪಾಗುತ್ತಿತ್ತು. ಬಡವರ ಆರೋಗ್ಯ ವಿಮೆಯನ್ನು ವಿಸ್ತರಿಸಲು ರಾಜ್ಯಗಳನ್ನು ಬಲವಂತ ಮಾಡುವಂತಿಲ್ಲ ಎಂದು 2012ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿದ್ದರಿಂದ, ರಾಜ್ಯದ ಗಡಿ ಈಚೆಗಿರುವ ರೋಗಿಗೆ ಸಿಗುವ ಚಿಕಿತ್ಸೆ ಆಚೆಗಿರುವವನಿಗೆ ಸಿಗದಂತಾಯಿತು. ವೈದ್ಯೆಯಾಗಿ ನನಗದು ನುಂಗಲಾರದ ತುತ್ತು. ಆದರೂ ಲಿಟ್ಲ್ ರಾಕಿನಲ್ಲಿ ಗವರ್ನರನ್ನು ಯಾರೂ ವಜಾ ಮಾಡಲಿಲ್ಲ, ಅರ್ಕನ್ಸಾ ರಾಜ್ಯವನ್ನು ಯಾರೂ ಎರಡು ಹೋಳು ಮಾಡಲಿಲ್ಲ. ಪೌರನ ಹಕ್ಕನ್ನು ಕಾಯಲು ಕೇಂದ್ರ ಬರುವುದು ಒಂದು, ಮುಖ್ಯಮಂತ್ರಿ ಹಿಡಿಸಲಿಲ್ಲವೆಂದು ಬರುವುದು ಇನ್ನೊಂದು.

ನಮ್ಮವರನ್ನೂ ಬಿಡುವುದಿಲ್ಲ. ದೆಹಲಿಯ ಮೇಲೆ ದೂರುವ ಬೆಂಗಳೂರು ತನ್ನ ಕೆಳಗಿನವರಿಗೆ ಮಾಡುವುದೇನು? 1983ರಲ್ಲಿ ರಾಮಕೃಷ್ಣ ಹೆಗಡೆಯವರು ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದು ರಾಜ್ಯಗಳ ಹಕ್ಕಿನ ಮಾತೆತ್ತಿದರು. ಅದೇ ತಿಂಗಳು ಕೇಂದ್ರ ಸರ್ಕಾರಿಯಾ ಆಯೋಗವನ್ನು ಪ್ರಕಟಿಸಿತು. ಅದೇ ಹೆಗಡೆಯವರ ಸರ್ಕಾರದಲ್ಲಿ ನಜೀರ್ ಸಾಬರು ಜಿಲ್ಲಾ ಪರಿಷತ್ತುಗಳಿಗೆ ನಿಜವಾದ ಅಧಿಕಾರ ಕೊಟ್ಟು 1987ರಲ್ಲಿ ಚುನಾವಣೆ ನಡೆಸಿದರು. ಅದು ಒಂದು ಕಾಲ. ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಜಿಲ್ಲಾ ಪಂಚಾಯಿತಿಗಳದ್ದು 2021ರಲ್ಲಿ. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ಆಳಿದರು, ಯಾವ ಪಕ್ಷದ ಸರ್ಕಾರವಿದ್ದರೂ. ಅತ್ತೆಯಿಂದ ಪೆಟ್ಟು ತಿಂದ ಸೊಸೆ ತನ್ನ ಸೊಸೆಗೆ ಅದನ್ನೇ ಬಡಿಸಿದ ಹಾಗೆ.

ಅಣ್ಣನವರಿಗೆ ನನ್ನ ವಿನಂತಿ: ಬಲವಾದ ಕೇಂದ್ರ ಬೇಕೆನ್ನುವುದು ನಿಮ್ಮ ಅಭಿಪ್ರಾಯವಾದರೆ ಧಾರಾಳವಾಗಿ ಹೇಳಿ, ಆದರೆ ಸಾಕ್ಷಿಗೆ ಅಮೆರಿಕವನ್ನು ಕರೆಯಬೇಡಿ. ಅದು ನಿಮ್ಮ ಪರ ಸಾಕ್ಷಿ ಹೇಳುವುದಿಲ್ಲ. ಮತ್ತು ನವೆಂಬರ್ ತಿಂಗಳಲ್ಲಿ, ಭುವನೇಶ್ವರಿಯ ಚಿತ್ರದ ಮುಂದೆ ನಿಂತು ಹೇಳಬೇಡಿ.

ಸಮಿತಿಗೆ ನನ್ನ ವಿನಂತಿ ಇದಕ್ಕಿಂತ ಸಣ್ಣದು. ಆ ಹುಡುಗಿಯ ಎರಡು ಅಂಕ ವಾಪಸ್ಸು ಕೊಡಿ. ಎರಡನೆಯ ಬಹುಮಾನ ತೆಗೆದುಕೊಂಡ ಹುಡುಗನಿಂದ ಏನನ್ನೂ ಕಿತ್ತುಕೊಳ್ಳುವುದು ಬೇಡ, ಅವನ ತಪ್ಪೇನೂ ಇಲ್ಲ. ಬಹುಮಾನ ಕನ್ನಡ ನಿಘಂಟು ಎಂದು ಕೇಳಿದೆ. ಇನ್ನೊಂದು ಪ್ರತಿಯ ಹಣ ನಾನು ಕೊಡುತ್ತೇನೆ, ಊರಿಂದ ಯಾರಾದರೂ ಬರುವವರಿದ್ದರೆ ತರಿಸಿಕೊಡಿ. ಕ್ವಿಜ್ ಕಾರ್ಡನ್ನು ಮುಂದಿನ ವರ್ಷಕ್ಕೆ ತಿದ್ದಿಡಿ. ಲೆಟರ್‌ಹೆಡ್ ಮುಗಿಯುತ್ತ ಬಂದಿದೆಯೆಂದು ಖಜಾಂಚಿಯವರು ಹೇಳುತ್ತಿದ್ದರು. ಹೊಸದು ಅಚ್ಚು ಹಾಕಿಸುವಾಗ ಮಿಡ್ಲ್‌ಸೆಕ್ಸ್ ಎಂಬುದನ್ನು ಮಾತ್ರ ಹಾಗೆಯೇ ಇರಲಿ ಬಿಡಿ.